ರ‍್ಯಾಂಕ್ ಬಂತು, ಬಸ್ಸು ಬರಲಿಲ್ಲ

ಕಳೆದ ಮಳೆಗಾಲದ ಒಂದು ಸಂಜೆ. ಊರಲ್ಲಿ ಕರೆಂಟ್ ಹೋಗಿ ಮೂರು ದಿನವಾಗಿತ್ತು. ಲೈನಿನ ಮೇಲೆ ಎಲ್ಲೋ ಮರ ಬಿದ್ದಿದೆ ಎಂಬುದಷ್ಟೇ ಗೊತ್ತು. ನಾನು ಒಲೆಯ ಪಕ್ಕ ಕುಳಿತು, ಚಾರ್ಜರ್ ಲೈಟಿನ ಕೊನೆಯ ಬೆಳಕಿನಲ್ಲಿ ಪಿಡಿಒ ಪರೀಕ್ಷೆಗೆಂದು ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ‘ನೀತಿ ಆಯೋಗದ 2023–24ರ ಸುಸ್ಥಿರ ಅಭಿವೃದ್ಧಿ ಗುರಿಗಳ ಸೂಚ್ಯಂಕದಲ್ಲಿ ಮೊದಲ ಸ್ಥಾನ ಹಂಚಿಕೊಂಡ ರಾಜ್ಯಗಳು ಯಾವುವು?’ ಉತ್ತರ: ಕೇರಳ ಮತ್ತು ಉತ್ತರಾಖಂಡ, ತಲಾ 79 ಅಂಕ. ಕರ್ನಾಟಕಕ್ಕೆ 75. ದೇಶಕ್ಕೆ 71.

ಹಲಸಿನ ಬೀಜ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತಿ, ‘ಅದೆಂತ ನಂಬರು ಪುಟ್ಟಿ?’ ಎಂದರು.

‘ಯಾವ ರಾಜ್ಯದಲ್ಲಿ ಜನ ಚೆನ್ನಾಗಿ ಬದುಕ್ತಿದ್ದಾರೆ ಅಂತ ಲೆಕ್ಕ ಹಾಕಿ ಕೊಡೋ ಮಾರ್ಕ್ಸು, ಅಜ್ಜಿ.’

‘ಹಾಗಾದ್ರೆ ನಮ್ಮ ಸಂಕಕ್ಕೆ ಎಷ್ಟು ಮಾರ್ಕ್ಸು ಕೊಟ್ಟಿದ್ದಾರೆ?’

ನಗು ಬಂತು. ಉತ್ತರ ಮಾತ್ರ ಹೊಳೆಯಲಿಲ್ಲ. ನಮ್ಮ ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಜೂನ್ ಬಂದರೆ ಅಡಿಕೆ ಮರದ ಕಾಲುಸಂಕವೇ ಗತಿ. ಮೇ ಕೊನೆಯಲ್ಲಿ ಊರವರೇ ಸೇರಿ ಕಟ್ಟುತ್ತಾರೆ. ಕೆಲವು ವರ್ಷ ಅದು ಮಳೆಗಾಲ ಮುಗಿಯುವವರೆಗೂ ನಿಲ್ಲುತ್ತದೆ, ಕೆಲವು ವರ್ಷ ಜುಲೈನಲ್ಲೇ ಕೊಚ್ಚಿ ಹೋಗುತ್ತದೆ. ಈ ಸಂಕ ಯಾವ ಸೂಚ್ಯಂಕದಲ್ಲೂ ಇಲ್ಲ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಅಜ್ಜಿಯ ಬದುಕಿನ ಗುಣಮಟ್ಟವನ್ನು ನಿರ್ಧರಿಸುವುದು ಅದೇ.

ನಾನು ಕಳಸ ಸೀಮೆಯವಳು. ಮೊದಲು ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಕಳಸ ಈಗ ಸ್ವತಂತ್ರ ತಾಲ್ಲೂಕು. ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ ಊರಿಗೆ ಬಂದು, ನಿಮ್ಮಲ್ಲಿ ಅನೇಕರಂತೆ ನಾನೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ನಾವು ಯಾಂತ್ರಿಕವಾಗಿ ಬಾಯಿಪಾಠ ಮಾಡುವ ಈ ರ‍್ಯಾಂಕುಗಳನ್ನು ಒಮ್ಮೆ ನಮ್ಮೂರಿನ ಅಂಗಳದಲ್ಲಿಟ್ಟು ನೋಡೋಣ ಎನಿಸಿತು.

ಒಂಬತ್ತನೇ ಸ್ಥಾನದ ಜಿಲ್ಲೆ

ರ‍್ಯಾಂಕ್ ಪಟ್ಟಿಗಳನ್ನು ಬೈಯುವುದು ಸುಲಭ. ಅವು ಯಾಕೆ ಹುಟ್ಟಿದವು ಎಂದು ಮೊದಲು ನೋಡಬೇಕು. ಹಿಂದೆಲ್ಲ ಒಂದು ದೇಶ ಹೇಗಿದೆ ಎಂದು ಕೇಳಿದರೆ ಅದರ ಒಟ್ಟು ಉತ್ಪನ್ನವನ್ನು ತೋರಿಸುತ್ತಿದ್ದರು. ದುಡ್ಡು ಹೆಚ್ಚಾದ ಮಾತ್ರಕ್ಕೆ ಜನ ಓದುತ್ತಾರೆ, ಆರೋಗ್ಯವಾಗಿರುತ್ತಾರೆ ಎಂದೇನಿಲ್ಲವಲ್ಲ. ಅದಕ್ಕಾಗಿ 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಅವರು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ತಂದರು. ಆರೋಗ್ಯ, ಶಿಕ್ಷಣ, ಆದಾಯ ಮೂರೂ ಸೇರಿದ ಒಂದೇ ಅಂಕಿ ಅದು. ಅಮರ್ತ್ಯ ಸೇನ್ ಅವರಿಗೆ ಮೊದಲಿಗೆ ಇದು ಹಿಡಿಸಿರಲಿಲ್ಲ. ಇಷ್ಟು ದೊಡ್ಡ ಬದುಕನ್ನು ಒಂದು ಅಂಕಿಗೆ ಇಳಿಸುವುದು ತೀರಾ ಒರಟು ಎಂಬುದು ಅವರ ಅಳುಕು. ಆದರೆ ಅಷ್ಟೇ ಸರಳವಾದ ಇನ್ನೊಂದು ಅಂಕಿಯನ್ನು ಎದುರಿಗಿಡದಿದ್ದರೆ ಜಗತ್ತು ಜಿಡಿಪಿಯಿಂದ ಕಣ್ಣು ಕೀಳುವುದಿಲ್ಲ ಎಂಬ ಹಕ್ ಅವರ ವಾದವನ್ನು ಕೊನೆಗೆ ಒಪ್ಪಿದರು.

ಕರ್ನಾಟಕ ಸರ್ಕಾರ 1999ರಲ್ಲಿ ಮೊದಲ ಮಾನವ ಅಭಿವೃದ್ಧಿ ವರದಿಯನ್ನೂ 2005ರಲ್ಲಿ ಎರಡನೆಯದನ್ನೂ ಹೊರತಂದಿತು. ಎರಡನೇ ವರದಿಯು 2001ರ ಅಂಕಿಗಳ ಮೇಲೆ ಆಗಿನ 27 ಜಿಲ್ಲೆಗಳಿಗೆ ಸ್ಥಾನ ಕೊಟ್ಟಿತ್ತು. ಬೆಂಗಳೂರು ನಗರ ಮೊದಲು, ದಕ್ಷಿಣ ಕನ್ನಡ ಎರಡು, ಉಡುಪಿ ಮೂರು, ಕೊಡಗು ನಾಲ್ಕು. ಕೊನೆಯಲ್ಲಿ ರಾಯಚೂರು. ನಮ್ಮ ಚಿಕ್ಕಮಗಳೂರು ಒಂಬತ್ತನೆಯದು. ಅಂಕ 0.647, ರಾಜ್ಯದ ಸರಾಸರಿ 0.650.

ಆದಾಯದ ಪಟ್ಟಿಯಲ್ಲಂತೂ ನಾವು ಇನ್ನೂ ಮೇಲೆ. ಇತ್ತೀಚಿನ ವರ್ಷಗಳ ರಾಜ್ಯ ಆರ್ಥಿಕ ಸಮೀಕ್ಷೆಗಳನ್ನು ತೆಗೆದು ನೋಡಿದರೆ ತಲಾ ಆದಾಯದಲ್ಲಿ ಬೆಂಗಳೂರು ನಗರ, ದಕ್ಷಿಣ ಕನ್ನಡ, ಉಡುಪಿಯ ಜೊತೆಗೆ ಮುಂಚೂಣಿಯ ಸಾಲಿನಲ್ಲೇ ಚಿಕ್ಕಮಗಳೂರು ಕಾಣುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 79.25, ರಾಜ್ಯದ್ದು ಶೇ 75.36. ಸಾವಿರ ಗಂಡಸರಿಗೆ ರಾಜ್ಯದಲ್ಲಿ 973 ಹೆಂಗಸರಿದ್ದರೆ ನಮ್ಮಲ್ಲಿ 1,008. ಹೊರಗಿನಿಂದ ನೋಡಿದವರಿಗೆ ಇನ್ನೇನು ಬೇಕು? ಕಾಫಿ, ಏಲಕ್ಕಿ, ಮುಳ್ಳಯ್ಯನಗಿರಿ, ಹೋಂಸ್ಟೇ, ಇನ್‌ಸ್ಟಾಗ್ರಾಂ ತುಂಬ ಮಂಜು.

ಆದರೆ ಅದೇ ಜನಗಣತಿಯಲ್ಲಿ ಇನ್ನೊಂದು ಅಂಕಿ ಇದೆ. 2001ರಲ್ಲಿ ಜಿಲ್ಲೆಯ ಜನಸಂಖ್ಯೆ 11,40,905. ಹತ್ತು ವರ್ಷದ ನಂತರ 11,37,961. ಆ ದಶಕದಲ್ಲಿ ರಾಜ್ಯದ ಜನಸಂಖ್ಯೆ ಶೇ 15ಕ್ಕಿಂತ ಹೆಚ್ಚು ಏರಿದರೆ ಇಳಿಕೆ ಕಂಡ ಜಿಲ್ಲೆ ಚಿಕ್ಕಮಗಳೂರು ಒಂದೇ. ಮಕ್ಕಳು ಕಡಿಮೆ ಹುಟ್ಟಿದ್ದೂ ಇದಕ್ಕೆ ಒಂದು ಕಾರಣ. ಆದರೆ ನಮ್ಮೂರಿನ ಮನೆಗಳನ್ನು ಒಂದೊಂದಾಗಿ ನೆನೆದರೆ ಇನ್ನೊಂದು ಕಾರಣ ಕಣ್ಣಿಗೇ ಕಾಣುತ್ತದೆ. ಮೇಲಿನ ಮನೆಯ ಅಣ್ಣ ಬೆಂಗಳೂರಿನಲ್ಲಿ, ಕೆಳಗಿನ ಮನೆಯ ಅಕ್ಕ ಪುಣೆಯಲ್ಲಿ, ನನ್ನ ಜೊತೆ ಓದಿದ ಹುಡುಗರಲ್ಲಿ ಅರ್ಧಕ್ಕರ್ಧ ಮಂಗಳೂರಿನಲ್ಲಿ. ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ಈಗಿರುವ ಮಕ್ಕಳನ್ನು ಬೆರಳಲ್ಲೇ ಎಣಿಸಬಹುದು. ಬದುಕು ಚೆನ್ನಾಗಿದೆ ಎಂದು ಪಟ್ಟಿ ಹೇಳುವ ಜಿಲ್ಲೆಯನ್ನು ಬಿಟ್ಟು ಜನ ಯಾಕೆ ಹೊರಟರು? ನನ್ನ ಹುಡುಕಾಟ ಶುರುವಾದದ್ದು ಇಲ್ಲಿಂದ.

ಧಣಿಯ ಮನೆ, ಲೈನ್ ಮನೆ

ಮೊದಲ ಉತ್ತರ ಸಿಕ್ಕಿದ್ದು ‘ತಲಾ’ ಎಂಬ ಶಬ್ದದಲ್ಲಿ. ಜಿಲ್ಲೆಯಲ್ಲಿ ಒಂದು ವರ್ಷ ಹುಟ್ಟಿದ ಆದಾಯವನ್ನೆಲ್ಲ ಕೂಡಿ, ಜಿಲ್ಲೆಯ ತಲೆಗಳಿಂದ ಭಾಗಿಸಿದರೆ ತಲಾ ಆದಾಯ. ಜನ ಕಡಿಮೆ, ಬೆಲೆಬಾಳುವ ಬೆಳೆ ಜಾಸ್ತಿ ಇರುವ ಜಿಲ್ಲೆಗೆ ಭಾಗಲಬ್ಧ ತಾನಾಗಿಯೇ ದೊಡ್ಡದಾಗಿ ಬರುತ್ತದೆ. ಈಚಿನ ಎರಡು ಮೂರು ವರ್ಷಗಳಲ್ಲಿ ಕಾಫಿಯ ದರ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ದೊಡ್ಡ ತೋಟದ ಧಣಿಗಳ ಆದಾಯ ಏರಿತು, ನಮ್ಮಂಥ ಎರಡು ಎಕರೆಯವರಿಗೂ ಹಳೆಯ ಸಾಲ ತೀರಿಸುವಷ್ಟು ಉಸಿರು ಬಂತು. ಲೈನ್ ಮನೆಯಲ್ಲಿರುವ ಕೂಲಿಯವರ ದಿನಗೂಲಿ ಅದೇ ಲೆಕ್ಕದಲ್ಲಿ ಏರಲಿಲ್ಲ. ಆದರೆ ಸರಾಸರಿ ಹಾಕುವಾಗ ಮೂವರೂ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ, ಮೂವರಿಗೂ ಒಂದೇ ಅಂಕಿ.

ಈ ಸಮಸ್ಯೆ ಲೆಕ್ಕ ಹಾಕುವವರಿಗೆ ಗೊತ್ತಿಲ್ಲವೆಂದಲ್ಲ. ವಿಶ್ವಸಂಸ್ಥೆಯೇ 2010ರಿಂದ ಅಸಮಾನತೆಯನ್ನು ಕಳೆದು ತೋರಿಸುವ ಇನ್ನೊಂದು ಸೂಚ್ಯಂಕವನ್ನು ಪ್ರಕಟಿಸುತ್ತಿದೆ. ನೀತಿ ಆಯೋಗ ಬಹುಆಯಾಮದ ಬಡತನ ಸೂಚ್ಯಂಕ ಮಾಡುತ್ತದೆ. ಅದರಲ್ಲಿ ಆದಾಯವೇ ಇಲ್ಲ. ಪೌಷ್ಟಿಕತೆ, ಶಾಲೆಗೆ ಹೋದ ವರ್ಷ, ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವಿದ್ಯುತ್, ಮನೆ, ಬ್ಯಾಂಕ್ ಖಾತೆ ಹೀಗೆ 12 ವಿಷಯಗಳನ್ನು ಮನೆಮನೆಯ ಮಟ್ಟದಲ್ಲಿ ನೋಡುತ್ತದೆ. ಅದರ 2023ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಹೀಗೆ ಬಡವರೆನಿಸಿದವರ ಪ್ರಮಾಣ 2015–16ರಲ್ಲಿ ಶೇ 12.77 ಇದ್ದದ್ದು 2019–21ಕ್ಕೆ ಶೇ 7.58ಕ್ಕೆ ಇಳಿಯಿತು. ಇದು ಸುಳ್ಳಲ್ಲ. ನಾನು ಚಿಕ್ಕವಳಿದ್ದಾಗ ಬಯಲಿಗೆ ಹೋಗುತ್ತಿದ್ದ ಮನೆಗಳಲ್ಲಿ ಈಗ ಶೌಚಾಲಯವಿದೆ, ಹೊಗೆ ತುಂಬಿದ ಅಡುಗೆಮನೆಗಳಿಗೆ ಗ್ಯಾಸ್ ಬಂದಿದೆ.

ಆದರೂ ನಮ್ಮ ಹತ್ತಿರದ ತೋಟವೊಂದರ ಲೈನ್ ಮನೆಯನ್ನು ಈ 12 ಪ್ರಶ್ನೆಗಳಿಂದ ನೋಡಿ. ಸಿಮೆಂಟ್ ನೆಲ ಇದೆ, ಶೀಟಿನ ಮಾಡು ಇದೆ, ಬಲ್ಬ್ ಇದೆ, ನಲ್ಲಿ ಇದೆ, ಬ್ಯಾಂಕ್ ಪಾಸ್‌ಬುಕ್ ಇದೆ. ಪಾಸು! ಆದರೆ ಅಲ್ಲಿರುವ ಅಕ್ಕ ಮೂವತ್ತು ವರ್ಷ ಆ ತೋಟದಲ್ಲಿ ಕಾಫಿ ಕೊಯ್ದವರು. 1951ರ ತೋಟ ಕಾರ್ಮಿಕರ ಕಾಯ್ದೆ ಕೆಲಸ ಮಾಡುವಷ್ಟು ದಿನ ಮನೆ ಕೊಡಬೇಕು ಎನ್ನುತ್ತಿತ್ತು. ಕೈಕಾಲು ಸೋತ ಮೇಲೆ? ‘ಕೆಲಸ ಬಿಟ್ರೆ ಮನೆನೂ ಬಿಡ್ಬೇಕಲ್ಲ, ಅದಕ್ಕೇ ಮಂಡಿನೋವಿದ್ರೂ ಬರ್ತೀನಿ’ ಎಂದು ಅವರು ಹೇಳಿದ್ದು ನನಗೆ ನೆನಪಿದೆ. ಮನೆ ಹೇಗಿದೆ ಎಂದು ಪಟ್ಟಿ ಕೇಳುತ್ತದೆ. ಮನೆ ಯಾರದ್ದು ಎಂದು ಕೇಳುವುದಿಲ್ಲ.

ದಾರಿಯ ಲೆಕ್ಕ

ಎರಡನೇ ಉತ್ತರವನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. 108ಕ್ಕೆ ಕರೆ ಮಾಡಲು ಸಿಗ್ನಲ್ ಬೇಕು, ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ತಮ್ಮ ಟಾರ್ಚ್ ಹಿಡಿದು ಗುಡ್ಡಕ್ಕೆ ಓಡಿದ. ಸಂಕ ಅರ್ಧ ಮುರಿದಿತ್ತು. ಅಕ್ಕಪಕ್ಕದವರು, ಲೈನ್ ಮನೆಯ ಅಣ್ಣಂದಿರು ಬಂದು ಬಿದಿರಿಗೆ ಕಂಬಳಿಯ ಜೋಲಿ ಕಟ್ಟಿ, ಅಪ್ಪನನ್ನು ಅದರಲ್ಲಿ ಮಲಗಿಸಿ, ಹಳ್ಳದ ಮೇಲ್ಭಾಗದಲ್ಲಿ ನೀರು ಕಡಿಮೆ ಇರುವ ಕಡೆ ಸುತ್ತು ಹಾಕಿ ರಸ್ತೆಗೆ ತಂದರು. ಅಲ್ಲಿಂದ ಪರಿಚಯದವರ ಜೀಪು. ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಹೃದಯದ ವಿಷಯ, ದೊಡ್ಡ ಆಸ್ಪತ್ರೆಗೇ ಹೋಗಿ ಎಂದರು. ಕುದುರೆಮುಖದ ಕಾಡಿನ ದಾರಿ, ಮಂಜು, ಮಳೆ, ಕಾರ್ಕಳ ದಾಟಿ ಹೋಗುವಷ್ಟರಲ್ಲಿ ಬೆಳಗಾಗಿತ್ತು.

ಅಪ್ಪ ಉಳಿದರು. ಆದರೆ ಹೃದಯಕ್ಕೆ ಆದ ಹಾನಿ ಉಳಿಯಿತು. ಈಗ ಅವರು ಗುಡ್ಡ ಹತ್ತುವಂತಿಲ್ಲ, ಮೂಟೆ ಹೊರುವಂತಿಲ್ಲ. ನಾನು ಮಂಗಳೂರಿನಲ್ಲಿ ಕೆಲಸ ಹುಡುಕದೆ ಮನೆಗೆ ಬಂದದ್ದು ಅದಕ್ಕೇ.

ಆಮೇಲೆ ಯೋಚಿಸಿದೆ. ಆಸ್ಪತ್ರೆ ಇತ್ತು, ಆಂಬುಲೆನ್ಸ್ ಸೇವೆ ಇತ್ತು, ರಸ್ತೆ ಇತ್ತು, ಮೊಬೈಲ್ ಟವರ್ ಕೂಡ ಇತ್ತು. ಪಟ್ಟಿ ಮಾಡುವವರು ಬಂದರೆ ಎಲ್ಲದಕ್ಕೂ ‘ಇದೆ’ ಎಂದೇ ಬರೆಯಬೇಕು. ನಮಗೆ ಬೇಕಾಗಿದ್ದದ್ದು ಇದೆಯೋ ಇಲ್ಲವೋ ಎಂಬುದಲ್ಲ, ಮಳೆಗಾಲದ ರಾತ್ರಿ ಎರಡು ಗಂಟೆಗೆ ತಲುಪುತ್ತದೆಯೋ ಇಲ್ಲವೋ ಎಂಬುದು. ಕಳಸದವರಿಗೆ ಜಿಲ್ಲಾ ಕೇಂದ್ರ ತೊಂಬತ್ತು ಕಿಲೊಮೀಟರ್ ಆಸುಪಾಸು ದೂರ. ಘಟ್ಟದ ತಿರುವಿನಲ್ಲಿ ಆ ದೂರ ಬಯಲುಸೀಮೆಯ ದೂರದಂತಲ್ಲ. ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಭದ್ರಾ ನದಿ ಉಕ್ಕಿದಾಗ ಮುಳುಗುವ ಸುದ್ದಿ ಪ್ರತಿ ಮಳೆಗಾಲದಲ್ಲಿ ನೀವು ಓದಿರುತ್ತೀರಿ. 2019ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ಚಾರ್ಮಾಡಿ ಘಾಟಿ ಬಂದ್ ಆಯಿತು, ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಮನೆಗಳೇ ಹೋದವು. ವಾರ್ಷಿಕ ಅಂಕಿಯಲ್ಲಿ ಈ ದಿನಗಳು ಕಾಣುವುದಿಲ್ಲ.

ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಕಾಸರಗೋಡು ಜಿಲ್ಲೆಯವಳು, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಹುಡುಗಿ. ಕೇರಳ ಮೊದಲ ಸ್ಥಾನ ಎಂದು ನಾನು ಓದಿದಾಗಲೆಲ್ಲ ಅವಳು ನಗುತ್ತಿದ್ದಳು. ‘ನಮ್ಮ ರಾಜ್ಯ ಫಸ್ಟು ಮಾರಾಯ್ತಿ, ಆದ್ರೆ ನಮ್ಮ ಆಸ್ಪತ್ರೆ ನಿಮ್ಮ ರಾಜ್ಯದಲ್ಲಿ!’ ಕೇರಳದ ಸ್ಥಾನ ಪೊಳ್ಳಲ್ಲ. ನೀತಿ ಆಯೋಗದ ಆರೋಗ್ಯ ಸೂಚ್ಯಂಕದ ನಾಲ್ಕೂ ಸುತ್ತುಗಳಲ್ಲಿ ದೊಡ್ಡ ರಾಜ್ಯಗಳ ಪೈಕಿ ಅದೇ ಮೊದಲು. 2020ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಸತ್ತವು ದೇಶದಲ್ಲಿ 28, ಕರ್ನಾಟಕದಲ್ಲಿ 19, ಕೇರಳದಲ್ಲಿ ಬರೀ 6. ಅಷ್ಟಾದರೂ ಆ ರಾಜ್ಯದ ಉತ್ತರದ ತುದಿಯ ಜನ ದೊಡ್ಡ ಕಾಯಿಲೆಗೆ ನೆಚ್ಚಿಕೊಂಡಿರುವುದು ಮಂಗಳೂರನ್ನೇ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ದಾಟಲಾಗದೆ ಪರದಾಡಿದರು, ಕೆಲವರು ದಾರಿಯಲ್ಲೇ ಜೀವ ಬಿಟ್ಟರು, ವಿಷಯ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಒಂದನೇ ಸ್ಥಾನದ ರಾಜ್ಯದ ಅವಳೂ ಒಂಬತ್ತನೇ ಸ್ಥಾನದ ಜಿಲ್ಲೆಯ ನಾನೂ ಕೊನೆಗೆ ಒಂದೇ ಕಡೆಯ ಆಸ್ಪತ್ರೆಗಳಿಗೆ ಓಡುವವರು. ಇಬ್ಬರೂ ಪಟ್ಟಿಯ ಅಂಚಿನವರು.

ಬಸ್ಸಿನ ಕಥೆ

ಮಲೆನಾಡಿನ ಹುಡುಗಿಯರು ಓದಿದ್ದರೆ ಅದರಲ್ಲಿ ಬಸ್ಸಿನ ಪಾಲು ದೊಡ್ಡದು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಹಳ್ಳಿಹಳ್ಳಿಗೆ ಓಡುತ್ತಿದ್ದವು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಇತ್ತು. ಕಂಡಕ್ಟರಣ್ಣನಿಗೆ ಯಾರ ಮಗಳು ಯಾವ ಕಾಲೇಜು ಎಂದು ಗೊತ್ತಿರುತ್ತಿತ್ತು. ಐದು ನಿಮಿಷ ತಡವಾದರೆ ಹಾರ್ನ್ ಮಾಡಿ ಕಾಯುತ್ತಿದ್ದರು. 2020ರ ಫೆಬ್ರುವರಿಯಲ್ಲಿ ಆ ಬಸ್ಸುಗಳು ನಿಂತವು. ಮರುತಿಂಗಳೇ ಕೊರೊನಾ ಬಂದು ಎಲ್ಲವೂ ನಿಂತಿದ್ದರಿಂದ ಹೊರಗಿನವರಿಗೆ ಇದು ದೊಡ್ಡ ಸುದ್ದಿಯಾಗಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ. ಬಯಲುಸೀಮೆಯ ನನ್ನ ಗೆಳತಿಯರು ಇದರಿಂದ ತಿಂಗಳಿಗೆ ಎಷ್ಟು ಉಳಿಯಿತು ಎಂದು ಲೆಕ್ಕ ಹೇಳುತ್ತಾರೆ. ಅವರ ಸಂತೋಷ ನಿಜ. ನಮ್ಮೂರಿನ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಅದೂ ಬೆಳಿಗ್ಗೆ ಒಂದು, ಸಂಜೆ ಒಂದು. ನನ್ನ ಚಿಕ್ಕಪ್ಪನ ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕೆಂದಿದ್ದಳು. ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಸಂಜೆಯ ಬಸ್ಸು ಹೋಗಿರುತ್ತದೆ. ಹಾಸ್ಟೆಲ್ ಸೀಟು ಸಿಗಲಿಲ್ಲ. ಕತ್ತಲಲ್ಲಿ ಕಾಡುದಾರಿ, ಆನೆಯ ಭಯ ಬೇರೆ. ಕಲಾ ವಿಭಾಗಕ್ಕೆ ಸೇರಿದಳು. ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೆ ಅಂಕಿಅಂಶದಲ್ಲಿ ಅವಳು ‘ಪದವಿಪೂರ್ವ ಶಿಕ್ಷಣಕ್ಕೆ ದಾಖಲಾದ ವಿದ್ಯಾರ್ಥಿನಿ’. ಯಾವ ಕೋರ್ಸ್ ಬೇಕೆಂದು ತೀರ್ಮಾನ ಮಾಡಿದ್ದು ಅವಳಲ್ಲ, ಬಸ್ಸಿನ ಟೈಮು ಎಂಬುದು ಅಲ್ಲಿ ಬರುವುದಿಲ್ಲ.

ಮೇಲಿನ ಊರಿಗೆ ಹೋದರೆ?

ಹಾಗಾದರೆ ಬಿಟ್ಟು ಹೋದವರು ಗೆದ್ದರೇ? ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ‘ಸುಗಮ ಜೀವನ ಸೂಚ್ಯಂಕ 2020’ರಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಪೈಕಿ ಬೆಂಗಳೂರು 66.70 ಅಂಕದೊಂದಿಗೆ ಮೊದಲು ಬಂದಿತ್ತು. ಬೆಂಗಳೂರಿನ ಪಿಜಿಯಲ್ಲಿರುವ ಮೇಲಿನ ಮನೆಯ ಅಣ್ಣನಿಗೆ ಇದನ್ನು ಕಳಿಸಿದರೆ ನಗುವ ಎಮೋಜಿ ಬಂತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರಕ್ಕೆ ನಗರವೇ ಟ್ಯಾಂಕರ್ ಕಾಯುತ್ತಿದ್ದಾಗ ಅವನು ಫೋನ್ ಮಾಡಿ, ‘ನಮ್ಮ ಮನೆ ಹಿಂದಿನ ಅಬ್ಬಿ ನೀರು ಈಗ್ಲೂ ಬರ್ತಿದ್ಯಾ?’ ಎಂದು ಕೇಳಿದ್ದ. ಬರ್ತಿತ್ತು. ಗುಡ್ಡದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಆ ನೀರಿಗೂ ಯಾವ ಪಟ್ಟಿಯಲ್ಲೂ ಅಂಕವಿಲ್ಲ. ಅಪ್ಪನ ಜೋಲಿಗೆ ರಾತ್ರಿ ಎರಡು ಗಂಟೆಗೆ ಹೆಗಲು ಕೊಟ್ಟವರಿಗೂ ಇಲ್ಲ.

ಇದನ್ನು ಹೇಳಿ ಹಳ್ಳಿಯೇ ಸ್ವರ್ಗ ಎನ್ನಲು ನಾನು ಹೊರಟಿಲ್ಲ. ಹೆಗಲು ಕೊಟ್ಟವರು ದೊಡ್ಡವರು, ನಿಜ. ಆದರೆ ಹೆಗಲಿನ ಅಗತ್ಯವೇ ಬೀಳದಂತೆ ಒಂದು ಸೇತುವೆ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು. ಬೆಂಗಳೂರಿನ ಅಣ್ಣನೂ ಅಷ್ಟೆ, ನೀರಿಗಾಗಿ ಪರದಾಡುತ್ತಾನೆ, ಆದರೆ ತಿಂಗಳ ಒಂದನೇ ತಾರೀಕು ಸಂಬಳ ಬರುತ್ತದೆ. ಅದಕ್ಕಾಗಿಯೇ ಅವನು ಅಲ್ಲಿದ್ದಾನೆ.

ಒಂದೇ ಘಟನೆಯನ್ನು ಎರಡು ರೀತಿ ಅಳೆಯಬಹುದು ಎಂಬುದಕ್ಕೆ ನಮ್ಮ ಪಕ್ಕದ ಕುದುರೆಮುಖವೇ ಸಾಕ್ಷಿ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಯಲ್ಲಿ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಭದ್ರೆಯ ನೀರಿಗೆ, ಶೋಲಾ ಕಾಡಿಗೆ ಅದು ಗೆಲುವು. 2012ರಲ್ಲಿ ಪಶ್ಚಿಮ ಘಟ್ಟ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾದಾಗ ಈ ಬೆಟ್ಟಗಳೂ ಅದರಲ್ಲಿ ಸೇರಿದವು. ಆದರೆ ಗಣಿಯ ಸಂಬಳ ನೆಚ್ಚಿದ್ದ ಟೌನ್‌ಶಿಪ್ ಖಾಲಿಯಾಯಿತು. ಅಲ್ಲಿಗೆ ಹಾಲು, ತರಕಾರಿ ಹಾಕುತ್ತಿದ್ದ ಸುತ್ತಲಿನ ಮನೆಗಳ ವರಮಾನವೂ ಹೋಯಿತು. ಬದುಕಿನ ಗುಣಮಟ್ಟ ಏರಿತೋ ಇಳಿಯಿತೋ? ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ.

ಒಳ್ಳೆಯ ಸ್ಥಾನದ ನಷ್ಟ

ರ‍್ಯಾಂಕುಗಳೆಲ್ಲ ಬರೀ ಕಾಗದ ಎಂದು ತಳ್ಳಿಹಾಕಿದರೆ ಒಂದು ದೊಡ್ಡ ಸತ್ಯ ತಪ್ಪಿಹೋಗುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಮಾನದಂಡಗಳಿಂದ ರಾಜ್ಯದ ತಾಲ್ಲೂಕುಗಳನ್ನು ಅಳೆದು, ಆಗಿನ 175ರಲ್ಲಿ 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಕಲ್ಯಾಣ ಕರ್ನಾಟಕದ ಜನ ದಶಕಗಳಿಂದ ಹೇಳುತ್ತಿದ್ದ ನೋವಿಗೆ ಆ ಅಂಕಿಗಳು ಬಲ ಕೊಟ್ಟವು. ಮುಂದೆ 371(ಜೆ) ವಿಧಿ ಬಂತು, ಉದ್ಯೋಗ ಮತ್ತು ಕಾಲೇಜು ಸೀಟುಗಳಲ್ಲಿ ಮೀಸಲಾತಿ ಬಂತು. ಅಂದರೆ ಪಟ್ಟಿಯ ಕೆಳಗಿನ ಸ್ಥಾನ ಗೆದ್ದವರ ಕಣ್ಣಿಗೆ ಅವಮಾನವಾಗಿ ಕಂಡರೂ ಅದು ಒಂದು ಅರ್ಜಿಯಂತೆ ಕೆಲಸ ಮಾಡುತ್ತದೆ.

ನಮ್ಮ ಕಷ್ಟ ಇಲ್ಲೇ ಇರುವುದು. ರಾಯಚೂರಿನ ಕೊನೆಯ ಸ್ಥಾನ ಎಲ್ಲರಿಗೂ ಕಾಣುತ್ತದೆ, ಕಾಣಲೇಬೇಕು. ಆದರೆ ‘ಚೆನ್ನಾಗಿರುವ ಜಿಲ್ಲೆ’ಯ ಒಳಗಿರುವ ಕಾಲುಸಂಕದ ಊರು ಯಾರಿಗೂ ಕಾಣುವುದಿಲ್ಲ. ಮೂಡಿಗೆರೆಯ ದೊಡ್ಡ ತೋಟ, ಚಿಕ್ಕಮಗಳೂರಿನ ರೆಸಾರ್ಟ್, ಕಳಸದ ಗುಡ್ಡದ ತುದಿಯ ಮನೆ ಎಲ್ಲ ಒಂದೇ ಸರಾಸರಿಯ ಕಂಬಳಿಯಡಿ ಬೆಚ್ಚಗಿವೆ ಎಂದು ಅಂಕಿ ಹೇಳುತ್ತದೆ. ರಾಜ್ಯದ ರ‍್ಯಾಂಕ್ ಜಿಲ್ಲೆಯನ್ನು ಮುಚ್ಚುತ್ತದೆ, ಜಿಲ್ಲೆಯ ರ‍್ಯಾಂಕ್ ತಾಲ್ಲೂಕನ್ನು, ತಾಲ್ಲೂಕಿನದ್ದು ಊರನ್ನು.

ಅದಕ್ಕೆ ಮದ್ದು ಲೆಕ್ಕವನ್ನು ಬಿಡುವುದಲ್ಲ, ಲೆಕ್ಕವನ್ನು ಕೆಳಗಿಳಿಸುವುದು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಸ್ಥಾಪಿಸಿದ ಸ್ಯಾಮ್ಯುಯೆಲ್ ಪಾಲ್ ಅವರು 1990ರ ದಶಕದ ಆರಂಭದಲ್ಲಿ ಒಂದು ಸರಳ ಕೆಲಸ ಮಾಡಿದ್ದರು. ನೀರು, ವಿದ್ಯುತ್, ಫೋನ್ ಮುಂತಾದ ಇಲಾಖೆಗಳ ಕೆಲಸ ಹೇಗಿದೆ ಎಂದು ನಗರದ ಜನರನ್ನೇ ಕೇಳಿ, ಶಾಲೆಯ ಅಂಕಪಟ್ಟಿಯಂತೆ ಇಲಾಖೆಗಳಿಗೇ ಅಂಕ ಕೊಡಿಸಿದರು. ‘ನಾಗರಿಕರ ರಿಪೋರ್ಟ್ ಕಾರ್ಡ್’ ಎಂಬ ಆ ವಿಧಾನವನ್ನು ಮುಂದೆ ಬೇರೆ ದೇಶಗಳೂ ಎತ್ತಿಕೊಂಡವು. ಅಲ್ಲಿ ಅಂಕ ಕೊಡುವವರು ಜನ, ಪಡೆಯುವವರು ಸರ್ಕಾರ.

ಇದನ್ನು ಓದಿದ ಮೇಲೆ ನಾನು, ತಮ್ಮ, ಚಿಕ್ಕಪ್ಪನ ಮಗಳು ಸೇರಿ ಕಳೆದ ದೀಪಾವಳಿ ರಜೆಯಲ್ಲಿ ಊರಿನ ಮನೆಗಳನ್ನು ಸುತ್ತಿದೆವು. ಪ್ರಶ್ನೆಗಳು ಐದೇ. ಮಳೆಗಾಲದಲ್ಲಿ ಮನೆಯಿಂದ ರಸ್ತೆಗೆ ಎಷ್ಟು ಹೊತ್ತು? ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ? ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಕರೆಂಟ್ ಇರಲಿಲ್ಲ? ಮಕ್ಕಳು ಎಷ್ಟು ದಿನ ಶಾಲೆ ತಪ್ಪಿಸಿದರು? ಜ್ವರ ಬಂದರೆ ಎಲ್ಲಿಗೆ, ಹೇಗೆ ಹೋಗುತ್ತೀರಿ? ಕೆಲವರು ಚಹಾ ಕೊಟ್ಟು ಉತ್ತರ ಹೇಳಿದರು. ಕೆಲವರು ‘ಬರೆದುಕೊಂಡು ಹೋಗಿ ಎಂತ ಮಾಡ್ತೀರಿ?’ ಎಂದರು. ಲೈನ್ ಮನೆಯ ಅಕ್ಕ ಮಾತ್ರ, ‘ನಮ್ಮ ಹತ್ರ ಇಂಥದ್ದು ಯಾರೂ ಕೇಳಿರ್ಲಿಲ್ಲ’ ಎಂದು ಕೂರಲು ಮಣೆ ಹಾಕಿದರು.

ಆ ಹಾಳೆಗಳನ್ನು ಗ್ರಾಮ ಸಭೆಯಲ್ಲಿ ಓದಿದೆವು. ಸೇತುವೆ ಮಂಜೂರಾಯಿತು ಎಂದು ಬರೆಯುವ ಆಸೆ ನನಗೂ ಇದೆ. ಆಗಿಲ್ಲ. ಆದರೆ ಸಂಕದ ವಿಷಯ ಮೊದಲ ಬಾರಿ ಸಭೆಯ ನಡಾವಳಿಯಲ್ಲಿ ದಾಖಲಾಯಿತು. ‘ಊರವರ ಬೇಡಿಕೆ’ ಎಂದಲ್ಲ, ಇಷ್ಟು ಮನೆ, ಇಷ್ಟು ಮಕ್ಕಳು, ಇಷ್ಟು ದಿನ ಎಂದು. ಬಾಯಿಮಾತಿನ ದೂರಿಗೂ ಎಣಿಸಿ ಬರೆದ ದೂರಿಗೂ ವ್ಯತ್ಯಾಸವಿದೆ ಎಂದು ಅವತ್ತು ಗೊತ್ತಾಯಿತು. ಎರಡನೆಯದಕ್ಕೆ ಉತ್ತರ ಕೊಡದೆ ವಿಧಿಯಿಲ್ಲ, ಇವತ್ತಲ್ಲದಿದ್ದರೆ ಮುಂದಿನ ಸಭೆಯಲ್ಲಾದರೂ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ನಾನು ಕೇರಳ ಮತ್ತು ಉತ್ತರಾಖಂಡ ಎಂದೇ ಗುರುತು ಹಾಕುತ್ತೇನೆ. ನೀವೂ ಹಾಗೇ ಮಾಡಿ, ಒಂದು ಅಂಕ ಬಿಡುವುದು ಬೇಡ. ಆದರೆ ಓದುವಾಗ ಪಕ್ಕದಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ: ಏನನ್ನು ಎಣಿಸಿದರು? ಯಾರನ್ನು ಕೇಳಿದರು? ಸರಾಸರಿಯ ಅಡಿಯಲ್ಲಿ ಯಾರು ಮರೆಯಾದರು? ಯಾಕೆಂದರೆ ಈಗ ಪಂಚಾಯಿತಿಗಳಿಗೂ ಸೂಚ್ಯಂಕ ಬಂದಿದೆ, ಆ ಅಂಕಿಗಳು ಹುಟ್ಟುವುದು ಗ್ರಾಮ ಪಂಚಾಯಿತಿಯ ಕಂಪ್ಯೂಟರಿನಲ್ಲಿ. ನಾನು ಪಾಸಾದರೆ ನಾಳೆ ಎಲ್ಲೋ ಒಂದು ಊರಿನ ‘ಇದೆ/ಇಲ್ಲ’ ಕಾಲಂ ತುಂಬುವುದು ನನ್ನ ಕೆಲಸವೇ ಆಗಬಹುದು. ‘ಇದೆ’ ಎಂದು ಟಿಕ್ ಮಾಡುವ ಮೊದಲು ಜುಲೈ ತಿಂಗಳಲ್ಲಿ ಒಮ್ಮೆ ನಡೆದು ಹೋಗಿ ನೋಡುತ್ತೇನೆ ಎಂದು ಅಜ್ಜಿಗೆ ಮಾತು ಕೊಟ್ಟಿದ್ದೇನೆ.

ಈ ವರ್ಷವೂ ಮೇ ಕೊನೆಯಲ್ಲಿ ಊರವರು ಸೇರಿ ಸಂಕ ಕಟ್ಟಿದರು. ನಾನೂ ಹಗ್ಗ ಹಿಡಿದೆ.